ಅಜ್ಜಿಯ ಕುರುಡು ಚುಕ್ಕೆ

ಐವತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ಎಲ್ಲರ ಕಣ್ಣಲ್ಲೂ ಒಂದು ಕುರುಡು ಚುಕ್ಕೆಯಿದೆ, ಅದರ ಮೇಲೆ ಬಿದ್ದದ್ದು ಕಾಣುವುದೇ ಇಲ್ಲ ಎಂದು ಮೇಷ್ಟ್ರು ತೋರಿಸಿಕೊಟ್ಟ ದಿನ ಜಯಲಕ್ಷ್ಮಿಪುರಂನ ಮನೆಗೆ ಓಡೋಡಿ ಬಂದೆ. ಕಾಗದದ ಮೇಲೆ ಕುಂಕುಮದಿಂದ ಎರಡು ಬೊಟ್ಟಿಡಲು ಹೋದರೆ ಅಮ್ಮ ತಡೆದಳು: “ಕುಂಕುಮ ಮಾಯ ಮಾಡೋ ಆಟ ಈ ಮನೇಲಿ ಬೇಡ ಕಣೇ!” ಸರಿ, ನಾಲ್ಕು ಬೆರಳು ಅಂತರದಲ್ಲಿ ಕಾಡಿಗೆಯ ಬೊಟ್ಟನ್ನೇ ಇಟ್ಟೆ.

ಅಜ್ಜಿಯ ಎಡಗಣ್ಣು ಮುಚ್ಚಿಸಿ, ಎಡಗಡೆಯ ಬೊಟ್ಟನ್ನೇ ನೋಡುತ್ತಿರಲು ಹೇಳಿ, ಕಾಗದವನ್ನು ಮೆಲ್ಲಗೆ ಹತ್ತಿರ ತಂದೆ.

“ಅಯ್ಯಯ್ಯೋ, ಬಲಗಡೇದು ಮಾಯ ಆಗ್ಬುಡ್ತು ಕಣೇ! ಬರೀ ಕಾಗದ!” ಅಜ್ಜಿ ಕೂತಲ್ಲೇ ಕುಣಿದಳು. “ತಡಿ, ತಡಿ, ಇನ್ನೊಂದ್ಸಲ!”

ಇಬ್ಬರಿಗೂ ಹುಚ್ಚು ಹಿಡಿಯಿತು. ಚೊಂಬು ಮಾಯ ಮಾಡಿದೆವು, ಬೆಕ್ಕಿನ ಮುಖ ಮಾಯ ಮಾಡಿದೆವು. ಕೊನೆಗೆ ಅಜ್ಜಿಯ ಒಕ್ಕಣ್ಣು, ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅಪ್ಪನ ಕಡೆ ಹೊರಳಿತು. ಅಪ್ಪ ಮನೆಯಲ್ಲಿದ್ದರೆ ಎಲ್ಲರದೂ ಪಿಸುಮಾತೇ. ಹೆತ್ತ ತಾಯಿಯೂ ಅವನಿಗೆ ಹೆದರುತ್ತಿದ್ದಳು. ಕುರ್ಚಿಯ ಎಡಕ್ಕಿದ್ದ ಕಂಬವನ್ನು ದಿಟ್ಟಿಸುತ್ತಾ ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

“ಇವನ ತಲೇನೇ ಕಾಣಲ್ವಲ್ಲೇ! ಅಲ್ಲಿ ಬರೀ ಗೋಡೆ ಕಣೇ!”

“ಏನಮ್ಮಾ ಅದು ಗಲಾಟೆ?” ಗೋಡೆ ಗುಡುಗಿತು.

ನಾನು ಬೆಚ್ಚಿಬಿದ್ದೆ. ಅಜ್ಜಿ ಮಾತ್ರ ಎಡಗಣ್ಣಿನ ಮೇಲಿನ ಕೈ ತೆಗೆಯದೆ, ಕಂಬದಿಂದ ನೋಟ ಕದಲಿಸದೆ, ಜೀವಮಾನದಲ್ಲೇ ಮೊದಲ ಸಲ ಮಗನಿಗೆ ಎದುರು ಮಾತಾಡಿದಳು:

“ಎಷ್ಟ್ ಬೇಕಾದ್ರೂ ಬೈಕೊಳಪ್ಪ, ನಂಗೀಗ ನೀನು ಕಾಣ್ತಾನೇ ಇಲ್ಲ!”