ವಲಿ ಪಾಷಾನ ಅಂಜನ ಹುಲ್ಲು

ಗಿಲ್ಲೆಸುಗೂರಿನ ದಾರಿಯ ಉಸುಕಿನ ಹೊಲದಲ್ಲಿ ಅಂಜನ ಹುಲ್ಲು ಬೆಳೆಯುವ ನಮ್ಮ ವಲಿ ಪಾಷಾನನ್ನು ದೂರದಿಂದಲೇ ಗುರುತಿಸಬಹುದು. ತುಪ್ಪಳದಂಥ ಬೀಜ ಲುಂಗಿ, ಗಡ್ಡ, ಟೋಪಿಗೆಲ್ಲ ಅಂಟಿಕೊಂಡು ಅವನೇ ಒಂದು ಸಣ್ಣ ಬಣವೆಯಂತೆ ಕಾಣುತ್ತಾನೆ. ಬೀಜ ಗಾಳಿಗೆ ಹಾರದಂತೆ ಸಗಣಿ, ಮಣ್ಣು ಕಲಸಿ ಉಂಡೆ ಕಟ್ಟಿ, ಮಳೆಗೆ ಮೊದಲು ಉಸುಕಿನ ಮೇಲೆ ಚೆಲ್ಲುತ್ತಾನೆ. ಯಾರಾದರೂ ಮಣ್ಣು ಮುಚ್ಚಲು ಹೋದರೆ, "ಹೂಳಬ್ಯಾಡ್ರಿ, ಅದೇನು ಹೆಣ ಏನ್ರೀ" ಎಂದು ಗದರುತ್ತಾನೆ. ಒಮ್ಮೆ ಬೇರು ಹಿಡಿದರೆ ಈ ಹುಲ್ಲು ವರ್ಷಗಟ್ಟಲೆ ಚಿಗುರುತ್ತದಂತೆ, ಅದಕ್ಕೇ ಮೊದಲ ವರ್ಷ ಒಂದು ಗರಿಯನ್ನೂ ಕೊಯ್ಯಗೊಡುವುದಿಲ್ಲ. ನನ್ನ ಆಡು ಬೇಲಿಯ ಕಡೆ ನೋಡಿದರೂ ಸಾಕು, "ಗೋಪಮ್ಮಕ್ಕಾ, ನಿನ್ನ ಮಗಳಿಗೆ ಬುದ್ಧಿ ಹೇಳು, ಬೇರು ಇನ್ನಾ ಕೂಸದ" ಎನ್ನುತ್ತಾನೆ. "ಹಂಗಾದ್ರ ಜೋಗುಳ ಹಾಡೋ ಯಪ್ಪಾ" ಎಂದು ನಾನೂ ಬಿಡುವುದಿಲ್ಲ. ಇಷ್ಟೆಲ್ಲ ಶಹಜಾದಿಗಾಗಿ. ರಾಯಚೂರಿನ ಎಷ್ಟೋ ಮದುಮಕ್ಕಳನ್ನು ಮೆರವಣಿಗೆಯಲ್ಲಿ ಹೊತ್ತ ಅವನ ಬಿಳಿ ಕುದುರೆ ಅದು. ಈಗ ಹಲ್ಲು ಸವೆದು, ಒಣ ಮೇವನ್ನು ಅಗಿಯಲಾಗದೆ ಉಗುಳಿ ಉಗುಳಿ ಬಡವಾಗಿದೆ. ಮಾರಿಬಿಡು ಎಂದವರ ಜೊತೆ ಅವನು ಮಾತು ಬಿಟ್ಟಿದ್ದಾನೆ. ಬೆಳಿಗ್ಗೆ ಹಳೆಯ ಬುಡಗಳ ಎಳೆಯ ತುದಿಗಳನ್ನಷ್ಟೇ ಚಿವುಟಿ ತಂದು, ಕತ್ತರಿಯಲ್ಲಿ ಸಣ್ಣಗೆ ತುಂಡರಿಸುತ್ತಾನೆ. ಬುಟ್ಟಿ ತುಂಬಿದ ಮೇಲೆ, ಮಾನ್ವಿಯಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಕಿಸೆಗೆ ಹಾಕಿ, ಒಂದು ಚಿಟಿಕೆ ಹುಲ್ಲನ್ನು ಬರೀ ವಸಡಿನಿಂದ ಅಗಿದು ನೋಡುತ್ತಾನೆ. ಮೆತ್ತಗೆ ನುರಿದರೆ ಬುಟ್ಟಿ ಶಹಜಾದಿಯ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಅವನು ಮತ್ತೆ ಕತ್ತರಿ ಹಿಡಿದು ಕೂರುತ್ತಾನೆ.