ಲೂರ್ದಮ್ಮನ ನಲವತ್ತು ದಿನ

ನಮ್ಮ ಚರ್ಚಿನಲ್ಲಿ ಎಲ್ಲರೂ ಈಸ್ಟರ್ ಯಾವಾಗ ಬರುತ್ತದೋ ಎಂದು ಕಾಯುತ್ತಾರೆ. ಲೂರ್ದಮ್ಮ ಒಬ್ಬಳು ಮಾತ್ರ ಅದು ಬರದೇ ಇರಲಿ ಎಂದು ಬೇಡುತ್ತಾಳೆ.

ಮೂಡಿಗೆರೆಯಿಂದ ಒಳಗೆ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಅವಳೂ ಮಗ ಬಾಲರಾಜನೂ ನಮ್ಮ ಪಕ್ಕದವರು. ನೆರಳುಮರ ಹತ್ತಿ ಕೊಂಬೆ ಸವರುವುದರಲ್ಲಿ ಬಾಲರಾಜನಂಥ ಕೈ ಇನ್ನೊಂದಿಲ್ಲ. ಕುಡಿಯದೇ ಇದ್ದರೆ.

ಶುಭ ಶುಕ್ರವಾರ ನಾವು ಯೇಸುವಿನ ಯಾತನೆಯನ್ನು ವೇಷ ಹಾಕಿ ಆಡುತ್ತೇವೆ. ಚರ್ಚಿನ ಅಂಗಳದಿಂದ ಗುಡ್ಡದ ತುದಿಯವರೆಗೆ ಶಿಲುಬೆ ಹಾದಿ. ನಾನು ರೋಮನ್ ಸೈನಿಕ. ಹಳೇ ಪರದೆಯ ಕೆಂಪು ಲಂಗ, ರಟ್ಟಿನ ಕತ್ತಿ. ಯೇಸುವಾಗುವವನಿಗೆ ಒಂದು ಕಟ್ಟಳೆ ಇದೆ: ತಪಸ್ಸು ಕಾಲದ ನಲವತ್ತು ದಿನ, ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ ಮಾಂಸ, ಮದ್ಯ ಮುಟ್ಟಬಾರದು, ಗಡ್ಡ ತೆಗೆಯಬಾರದು. ಬಾಲರಾಜ ಆರು ವರ್ಷದಿಂದ ಯೇಸು. ಒಮ್ಮೆಯೂ ವ್ರತ ತಪ್ಪಿದವನಲ್ಲ. ಈಸ್ಟರ್ ಪೂಜೆ ಮುಗಿದು ಮಧ್ಯಾಹ್ನವಾಗುವುದರೊಳಗೆ ಮೂಡಿಗೆರೆಯ ಬಾರಿನಲ್ಲಿರುತ್ತಾನೆ. ನನಗಂತೂ ಸಿಟ್ಟು ನೆತ್ತಿಗೇರುತ್ತದೆ. ನಲವತ್ತು ದಿನ ಇರುವ ದೇವರ ಹೆದರಿಕೆ ನಲವತ್ತೊಂದನೆಯ ದಿನ ಎಲ್ಲಿಗೆ ಹೋಗುತ್ತದೆ? ಹಾಗಂದರೆ ಲೂರ್ದಮ್ಮ ನನ್ನ ಮೇಲೇ ಮುನಿಯುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಕಳೆದ ಡಿಸೆಂಬರಿನಲ್ಲಿ ಅವನು ರಕ್ತ ಕಾರಿಕೊಂಡ. ಲಿವರ್ ಹಾಳಾಗಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ತಾಯಿಯ ಮುಖಕ್ಕೇ ಹೇಳಿದರು. ಅವನು ನಿಲ್ಲಿಸಲಿಲ್ಲ. ವಿಭೂತಿ ಹಣೆಗೆ ಬಿದ್ದ ದಿನ ತಾನಾಗಿ ನಿಲ್ಲಿಸಿದ. ಹೊತ್ತುಹೊತ್ತಿಗೆ ಉಂಡ, ಮಲಗಿದ, ಮುಖಕ್ಕೆ ಬಣ್ಣ ಬಂತು. ಲೂರ್ದಮ್ಮ ದಿನ ಎಣಿಸತೊಡಗಿದಳು.

ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ, ಮಗನನ್ನೂ ನನ್ನನ್ನೂ ಕರೆದುಕೊಂಡು ಫಾದರ್ ಹತ್ತಿರ ಹೋದಳು.

“ಫಾದರ್, ಇವನೊಬ್ಬನಿಗೆ ತಪಸ್ಸು ಕಾಲ ಇನ್ನೊಂದು ನಲವತ್ತು ದಿನ ಜಾಸ್ತಿ ಮಾಡಿಕೊಡಿ,” ಎಂದಳು, ಎಸ್ಟೇಟಿನ ರೈಟರ್ ಹತ್ತಿರ ರಜೆ ಕೇಳುವ ಹಾಗೆ.

“ಅದು ನನ್ನ ಕೈಲಿಲ್ಲಮ್ಮ. ಈಸ್ಟರ್ ಬಂದ್ಮೇಲೂ ವ್ರತ ಹಿಡಿ ಅಂತ ಹೇಗೆ ಹೇಳ್ಲಿ? ಬೇಕಿದ್ರೆ ಅವನೇ ಹರಕೆ ಹೊರಬೇಕು.”

“ಹೊರ್ತೀಯಾ?” ಎಂದು ಮಗನ ಕಡೆ ತಿರುಗಿದಳು.

“ನೋಡೋಣಮ್ಮ,” ಎಂದ ಬಾಲರಾಜ. ಅವನ ನೋಡೋಣ ಎಂಥದ್ದೆಂದು ಇಡೀ ಲೈನಿಗೆ ಗೊತ್ತು. ನಾಲ್ಕು ಬಿಗಿಯಬೇಕು ಅನ್ನಿಸಿತು.

ಶುಕ್ರವಾರ ಯೇಸುವಿನ ತಾಯಿ ಮರಿಯಮ್ಮನ ವೇಷ ಲೂರ್ದಮ್ಮನದೇ. ಶಿಲುಬೆಯಿಂದ ಇಳಿಸಿದ ಮಗನನ್ನು ಅವಳ ಮಡಿಲಲ್ಲಿ ಮಲಗಿಸಿದೆವು. ಒಂದು ಹಾಡು ಮುಗಿಯುವವರೆಗೆ ಅವನು ಅವಳವನು. ಆಮೇಲೆ ಸೈನಿಕರಾದ ನಾವು ನಾಲ್ವರು ಅವನನ್ನು ಎತ್ತಿ ಟಾರ್ಪಾಲಿನ ಸಮಾಧಿಗೆ ಒಯ್ಯಬೇಕು.

ಹಾಡು ಮುಗಿಯಿತು. ನಾವು ಬಗ್ಗಿದೆವು. ಲೂರ್ದಮ್ಮ ಬಿಡಲಿಲ್ಲ. ಎರಡೂ ಕೈಯಲ್ಲಿ ಅವನ ಎದೆಯನ್ನು ಬಿಗಿಯಾಗಿ ತಬ್ಬಿಕೊಂಡಿದ್ದಳು. ಹಾಡಿನವರು ಗಲಿಬಿಲಿಯಾಗಿ ಮತ್ತೆ ಮೊದಲಿಂದ ಶುರು ಮಾಡಿದರು. ಜನ ಗೊಳೋ ಎಂದು ಅತ್ತರು. ಏನು ಪಾತ್ರ ಮಾಡ್ತಾಳೆ ಮಾರಾಯ ಎಂದು ಯಾರೋ ಮೊಬೈಲ್ ಎತ್ತಿ ಹಿಡಿದರು. ನಾನು ಅವಳ ಬೆರಳು ಬಿಡಿಸಲು ನೋಡಿದೆ, ಆಗಲಿಲ್ಲ. ನನಗೂ ಅಳು ಬಂತು.

“ಬಿಡಮ್ಮ, ಎಲ್ರೂ ನೋಡ್ತಿದ್ದಾರೆ,” ಬಾಲರಾಜ ತುಟಿ ಅಲುಗಿಸದೆ ಅಂದ.

“ಭಾನುವಾರ ಈಸ್ಟರ್ ಪೂಜೆ ಮುಗಿಸಿ ಸೀದಾ ಮನೆಗೆ ಬರ್ತೀಯಾ? ಅಷ್ಟು ಹೇಳು, ಬಿಡ್ತೀನಿ.”

ಅವನು ಕಣ್ಣು ತೆರೆದ. ನನ್ನನ್ನು ನೋಡಿದ, ಅವಳನ್ನು ನೋಡಲಿಲ್ಲ. ಆಮೇಲೆ, ಸತ್ತವನು ಮಾತಾಡಬಾರದೆಂದು ನೆನಪಾದವನಂತೆ, ಕಣ್ಣು ಮುಚ್ಚಿಕೊಂಡ.

ಲೂರ್ದಮ್ಮ ತಾನಾಗಿ ಕೈ ಸಡಿಲಿಸಿದಳು.

“ತಗೊಂಡ್ಹೋಗಿ,” ಎಂದಳು.