ಪಚ್ಚೆ ಫೋಟೋ

ಕಾರ್ಡ್ ರೀಡರಿನ ಬಾಯಲ್ಲಿ ಕಡುಗೆಂಪು ನೂಲಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಹುಬ್ಬು ತಿದ್ದುವ ಚಿಮಟದಿಂದ ಅದನ್ನು ಎಳೆದು ತೆಗೆದ ಮೇಲೆಯೇ ಲ್ಯಾಪ್‌ಟಾಪಿಗೆ ಕ್ಯಾಮೆರಾದ ಕಾರ್ಡು ಕಂಡದ್ದು.

ನೂಲು ಕೊಯಮತ್ತೂರಿನ ಹತ್ತಿರದ ನೆಗಮಂ ಎಂಬ ಊರಿನದು. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೈಮಗ್ಗವಿದೆ. ಮದುವೆಯಾಗಿ ಹೋದಂದಿನಿಂದ ಅವಳು ನೇಯ್ದದ್ದೆಲ್ಲ ಬೇರೆಯವರು ಹೇಳಿದ ಅಂಚು. ಈ ಸಲ ಮೊದಲ ಬಾರಿಗೆ ತಾನೇ ಒಂದು ಅಂಚು ಯೋಚಿಸಿ ನೇಯ್ದಿದ್ದಳು. ಅವಳೂ ಅಮ್ಮನೂ ಬೆಳೆದದ್ದು ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಆದ್ದರಿಂದ ಅಂಚಿನಲ್ಲಿ ಎರಡು ಗೆರೆ, ನಡುವೆ ಅಡ್ಡ ಪಟ್ಟಿಗಳು, ಅಂದರೆ ರೈಲು ಹಳಿ. ಒಡಲಿಗೆ ಹಳೆಯ ರೈಲು ಡಬ್ಬಿಗಳ ಅರಗುಗೆಂಪು. ನಮ್ಮ ಕಡೆ ಆ ಬಣ್ಣಕ್ಕೆ ಅರಕ್ಕು ಅನ್ನುತ್ತಾರೆ.

ಚಿಕ್ಕಪ್ಪನ ವಿಮರ್ಶೆ ಒಂದೇ ಸಾಲಿನದು. “ಇದನ್ನ ಉಟ್ಕೊಂಡು ಹೊರಟ್ರೆ ಟಿಟಿಆರ್ ಬಂದು ಟಿಕೆಟ್ ಕೇಳ್ತಾನೆ.”

ಕೊಯಮತ್ತೂರಿನ ಒಂದು ಸೀರೆ ಅಂಗಡಿಯ ಯಜಮಾನಿ ಮಾತ್ರ, ಇವತ್ತು ಅಂಗಡಿ ಮುಚ್ಚುವುದರೊಳಗೆ ಫೋಟೋ ಕಳಿಸಿ, ಹಿಡಿಸಿದರೆ ದೀಪಾವಳಿಗೆ ಇಡುತ್ತೇನೆ ಎಂದಿದ್ದರು. ಹಿಡಿಸದಿದ್ದರೆ ಮಗ್ಗಕ್ಕೆ ಮತ್ತೆ ಬೇರೆಯವರ ಅಂಚೇ.

ಬೆಳಿಗ್ಗೆ ನೆಗಮಂಗೆ ಹೋಗಿ ನಾನೇ ಫೋಟೋ ತೆಗೆದು ಬಂದೆ. ಅರಕ್ಕು ಕ್ಯಾಮೆರಾಗೆ ಸುಲಭವಾಗಿ ಒಗ್ಗುವ ಬಣ್ಣವಲ್ಲ; ಒಮ್ಮೆ ಕಂದಾಗುತ್ತದೆ, ಒಮ್ಮೆ ಟೊಮೇಟೊ ಆಗುತ್ತದೆ. ಆಮೇಲೆ ಬಣ್ಣ ತಿದ್ದಿಕೊಳ್ಳಬಹುದೆಂದು ಎಲ್ಲವನ್ನೂ ರಾ ಫೈಲುಗಳಾಗಿಯೇ ತೆಗೆದಿದ್ದೆ. ರಾ ಎಂದರೆ ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೆ ಇಟ್ಟುಕೊಂಡಿರುತ್ತದೆ, ಚಿತ್ರವಾಗಿ ಮಾಡಿರುವುದಿಲ್ಲ. ಆ ಕೆಲಸ ಕಂಪ್ಯೂಟರಿನದು. ನನ್ನ ಕಂಪ್ಯೂಟರು ಅದನ್ನು ಒಪ್ಪಿಕೊಳ್ಳಲಿಲ್ಲ. ಕ್ಯಾಮೆರಾ ಹೊಸದು, ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಹಳೆಯದು. ‘ಈ ಬಗೆಯ ಫೈಲು ನನಗೆ ಗೊತ್ತಿಲ್ಲ’ ಎಂದು ಕೈತೊಳೆದುಕೊಂಡಿತು. ಮೊದಲು ಅದಕ್ಕೆ ಗೊತ್ತಿರುವ ರೂಪಕ್ಕೆ ತರಲು ಇನ್ನೊಂದು ಪ್ರೋಗ್ರಾಂ ಇಳಿಸಿಕೊಳ್ಳಬೇಕು, ಅದರಿಂದ ಪರಿವರ್ತಿಸಬೇಕು, ಆಮೇಲೆ ತಿದ್ದಬೇಕು, ಕೊನೆಗೆ ಫೋನಿನಲ್ಲಿ ಕಳಿಸುವಂಥ ಸಾಧಾರಣ ಫೋಟೋ ಮಾಡಬೇಕು.

ಅಮ್ಮ ಸೌಟು ಹಿಡಿದು ಬಂದಳು. “ಆಯ್ತಾ, ಕಣ್ಣು?”

“ಇಲ್ಲಮ್ಮ. ಎಲ್ಲಾ ರಾ ಫೈಲು.”

“ರಾ ಅಂದ್ರೆ?”

“ಇನ್ನೂ ಪಚ್ಚೆ. ಬೇಯಿಸಬೇಕು.”

ನಮ್ಮ ಮನೆಯ ಕನ್ನಡದಲ್ಲಿ ಕಾಯಿಸದ ಹಾಲು ಪಚ್ಚೆ ಹಾಲು. ತಮಿಳಿನಿಂದ ಬಂದು ಕೂತ ಮಾತು; ತಮಿಳಿನಲ್ಲಿ ಹಸಿಯೂ ಅದೇ, ಹಸಿರೂ ಅದೇ. ಅಮ್ಮನಿಗೆ ತಕ್ಷಣ ಅರ್ಥವಾಯಿತು.

“ಹಂಗಾದ್ರೆ ಸಿಮ್ಮಲ್ಲಿಟ್ಟು ಮಾಡು. ಅವಸರಪಟ್ರೆ ತಳ ಹಿಡಿಯುತ್ತೆ,” ಎಂದು ಹೇಳಿ ಹೋದಳು. ಡಿಜಿಟಲ್ ಛಾಯಾಗ್ರಹಣದ ಬಗ್ಗೆ ನನಗೆ ಸಿಕ್ಕ ಸಲಹೆಗಳಲ್ಲಿ ಇದೇನೂ ಕೆಟ್ಟದ್ದಲ್ಲ. ಅಮ್ಮನಿಗೆ ಕನ್ನಡ ಓದಲು ಬಾರದು. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅಡುಗೆಮನೆಯಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಚಿಕ್ಕಮ್ಮ.

“ಹೂಂ, ಬಂದ್ಲು. ಫೋಟೋ ಎಲ್ಲಾ ಪಚ್ಚೆಯಾಗೇ ಇದೆಯಂತೆ ಕಣೇ. ಬೇಯಿಸ್ತಾ ಇದಾಳೆ... ಹಲೋ? ಹಲೋ?”

‘ಬೇಯಿಸ್ತಾ’ ಎನ್ನುವ ಹೊತ್ತಿಗೆ ಚಿಕ್ಕಮ್ಮ ಫೋನಿಟ್ಟಿದ್ದಳು. ಸಿಗ್ನಲ್ ಹೋಯಿತೆಂದುಕೊಂಡು ಅಮ್ಮ ಸಾಂಬಾರಿನ ಕಡೆ ತಿರುಗಿದಳು. ನಾನು ಪರದೆಯ ಮೇಲೆ ತೆವಳುತ್ತಿದ್ದ ನೀಲಿ ಪಟ್ಟಿಯನ್ನು ನೋಡುತ್ತ ಕೂತಿದ್ದೆ.

ನೆಗಮಂನಲ್ಲಿ ಆಗ ನಡೆದದ್ದು ಆಮೇಲೆ ತಿಳಿಯಿತು. ಅರಕ್ಕು ಸೀರೆ ಫೋಟೋದಲ್ಲಿ ಹಸಿರಾಗಿದೆ ಎಂದ ಮೇಲೆ ನೂಲಿಗೆ ಬಣ್ಣ ಹಾಕಿದವನದೇ ತಪ್ಪು. ಚಿಕ್ಕಮ್ಮ ಅವನಿಗೆ ಫೋನ್ ಮಾಡಿ, ಎಂಥ ಬಣ್ಣ ಹಾಕಿದೀಯ, ಕ್ಯಾಮೆರಾ ನೋಡಿದರೆ ಬಣ್ಣ ಬದಲಾಗುತ್ತದಲ್ಲ ಎಂದು ದಬಾಯಿಸಿದಳು. ಕ್ಯಾಮೆರಾವನ್ನು ಒಗೆದಿರಾ ಎಂದು ಅವನು ಕೇಳಿದನಂತೆ. ಆ ಸಿಟ್ಟಿನಲ್ಲೇ ಅವಳು ಅಂಗಡಿಯ ಯಜಮಾನಿಗೂ ಫೋನ್ ಮಾಡಿ, ಫೋಟೋದಲ್ಲಿ ಪಚ್ಚೆ ಕಂಡರೆ ತಪ್ಪು ತಿಳಿಯಬೇಡಿ ಅಮ್ಮಾ ಎಂದಳು. ಯಜಮಾನಿಗೆ ಒಂದೇ ಮಾತು ಕೇಳಿಸಿತು. “ಪಚ್ಚೆಯಾ? ಈ ವರ್ಷ ಎಲ್ಲರೂ ಪಚ್ಚೆಯನ್ನೇ ಕೇಳುತ್ತಿದ್ದಾರೆ. ಬೇಗ ಕಳಿಸಿ.”

ಆಮೇಲೆ ಫೋನು ನನಗೇ ಬಂತು.

“ಅಮ್ಮಿಣಿ, ಫೋಟೋದಲ್ಲಿ ಸೀರೆ ಪಚ್ಚೆಯಾಗಿದ್ರೆ ಪಚ್ಚೆಯಾಗೇ ಇರಲಿ. ಸರಿಮಾಡಬೇಡ.”

“ಚಿಕ್ಕಮ್ಮ, ಸೀರೆ ಅರಕ್ಕಾಗೇ ಇದೆ. ಪಚ್ಚೆ ಅಂದ್ರೆ ಆ ಪಚ್ಚೆ ಅಲ್ಲ. ಪಚ್ಚೆ ಹಾಲಿನ ಪಚ್ಚೆ.”

ಆ ಕಡೆ ಚಿಕ್ಕಮ್ಮ ಲೊಚಗುಟ್ಟಿದಳು.

“ನಿಮ್ಮಮ್ಮನ ಕೈಗೆ ಯಾರಾದ್ರೂ ಫೋನ್ ಕೊಡ್ತಾರಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ಅಲ್ಲಾ, ಅದನ್ನ ಪಚ್ಚೆ ಮಾಡಕ್ಕಾಗುತ್ತಾ?”

ಆಗುತ್ತದೆ. ಅಷ್ಟರಲ್ಲಿ ಪರಿವರ್ತನೆ ಮುಗಿದು ಚಿತ್ರಗಳು ತೆರೆದುಕೊಂಡಿದ್ದವು. ಒಂದು ಗುಂಡಿಯನ್ನು ಆಚೆಗೆ ಸರಿಸಿದೆ. ಅರಕ್ಕು ಸೀರೆ ಬಾಳೆಯೆಲೆಯಾಯಿತು. ಅವಳಿಗೆ ಕಳಿಸಿದೆ. ಯಜಮಾನಿಗೆ ಇದನ್ನೇ ಕಳಿಸಿದರೆ ಆರ್ಡರು ಬಹುತೇಕ ಸಿಕ್ಕಂತೆಯೇ. ಹಸಿರು ನೂಲು ತಂದು ನೇಯ್ದರಾಯಿತು. ಇಬ್ಬರಿಗೂ ಅದು ಗೊತ್ತಿತ್ತು.

ಫೋನ್ ಮತ್ತೆ ಬಂತು. “ಚೆನ್ನಾಗಿದೆ. ಆದ್ರೆ ಹುಲ್ಲು ಬೆಳೆದಂಗಿದೆ, ಕಣ್ಣು. ರೈಲು ನಿಂತುಹೋದ ಹಳಿ ಇದು. ನಮ್ಮದು ಓಡೋ ರೈಲು. ಅರಕ್ಕನ್ನೇ ಕಳ್ಸು.”

“ಬೇಡ ಅಂದುಬಿಟ್ರೆ?”

“ಬೇಡ ಅಂದ್ರೆ ನಾನೇ ಉಟ್ಕೊಂಡು ನಿಮ್ಮ ಚಿಕ್ಕಪ್ಪನ ಕಣ್ಣೆದುರಿಗೆ ಓಡಾಡ್ತೀನಿ.”

ಅಂಚಿನ ಒಂದೊಂದು ಪಟ್ಟಿಯೂ ಎಣಿಸುವಷ್ಟು ಸ್ಪಷ್ಟವಾಗಿ, ನನ್ನ ಕಣ್ಣು ಕಂಡ ಅರಕ್ಕಿಗೇ ಬಣ್ಣ ತಂದು ಯಜಮಾನಿಗೆ ಕಳಿಸಿದೆ. ಅವರ ಉತ್ತರ ತಮಿಳಿನಲ್ಲಿ, ಧ್ವನಿ ಸಂದೇಶವಾಗಿ ಬಂತು: ‘ಇದೇನು, ಕಾಫಿ ಬಣ್ಣ? ಪಚ್ಚೆ ಎಲ್ಲಿ? ಫೋಟೋ ಸಾಕು, ಬೆಳಿಗ್ಗೆ ಸೀರೆಯನ್ನೇ ತನ್ನಿ.’ ಒಂದು ಇಡೀ ಮಧ್ಯಾಹ್ನದ ಶ್ರಮವನ್ನು ಅವರ ಫೋನಿನ ಪರದೆ ಫಿಲ್ಟರ್ ಕಾಫಿ ಮಾಡಿಬಿಟ್ಟಿತ್ತು.

ಮರುದಿನ ಚಿಕ್ಕಮ್ಮ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಳು. ಚೀಲದಿಂದ ಸೀರೆ ತೆಗೆದು ನನ್ನ ಹೆಗಲ ಮೇಲೆ ಹಾಕಿದಳು. “ಮಡಿಸಿಟ್ರೆ ಅಂಚು ಕಾಣಲ್ಲ. ಉಟ್ಕೋ.”

“ನಾನಾ? ಅಮ್ಮ ಉಡಲಿ.”

“ನಿಮ್ಮಮ್ಮ ಉಟ್ರೆ ಹಳಿ ಬಾಗುತ್ತೆ.”

“ನಿನ್ನ ಬಾಯಿಗೆ ಮಣ್ಣು ಹಾಕ,” ಎಂದಳು ಅಮ್ಮ, ನನ್ನ ನೆರಿಗೆ ಹಿಡಿಯುತ್ತ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸೀರೆ ನಿಜವಾಗಿಯೂ ಕಾಫಿಯೇ ಆಗಿತ್ತು. ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತುಟಿ ಸೊಟ್ಟ ಮಾಡಿದರು. ಚಿಕ್ಕಮ್ಮ ಚೀಲದ ಹಿಡಿಯನ್ನು ತಿರುಚುತ್ತ ನಿಂತಳು. ನಾನು ಬಾಗಿಲು ತಳ್ಳಿಕೊಂಡು ಹೊರಗೆ ಹೋಗಿ, ಮೆಟ್ಟಿಲಿಳಿದು, ಬಿಸಿಲು ಬಿದ್ದಿದ್ದ ಕಡೆ ನಿಂತು ಸೆರಗು ಹರಡಿದೆ. ಬಿಸಿಲಿಗೆ ಕಾಫಿ ಹೋಗಿ ಅರಕ್ಕು ಬಂತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡಿದರು. ಯಜಮಾನಿ ಹಿಂದೆಯೇ ಬಂದರು, ಅಂಚನ್ನು ಬೆರಳಲ್ಲಿ ಸವರಿದರು.

“ಇದು ರೈಲು ಹಳಿಯಾ?”

“ಹೌದಮ್ಮಾ,” ಎಂದಳು ಅವರ ಹಿಂದೆ ಬಂದ ಚಿಕ್ಕಮ್ಮ.

“ಈ ಬಣ್ಣದಲ್ಲೇ ದೀಪಾವಳಿಯೊಳಗೆ ಎಷ್ಟು ಕೊಡ್ತೀರಿ?”

ಇಬ್ಬರೂ ಮಾತಾಡುತ್ತ ಒಳಗೆ ಹೋದರು. ಗಾಜಿನಾಚೆ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಕೈಬೆರಳು ಮಡಿಸಿ ಏನೋ ಲೆಕ್ಕ ಹೇಳುತ್ತಿದ್ದಳು, ಅವಳ ಮುಂದೆ ಕಾಫಿ ಬಂತು. ನಾನು ಸೆರಗು ಹರಡಿಕೊಂಡು ಬಿಸಿಲಿನಲ್ಲಿ ನಿಂತೇ ಇದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.